ಏಳು ಆಟದ ಹಾದಿ

ಅಧ್ಯಕ್ಷರೆ, ದತ್ತಿ ಇಟ್ಟ ಮನೆತನದ ಹಿರಿಯರೆ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬಂದಿರುವ ದೈಹಿಕ ಶಿಕ್ಷಕ ಮಿತ್ರರೆ, ಹಿಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳೆ,

ಎರೆ ನೆಲದ ಮೇಲೆ ಆಟ ಕಲಿತವನು ನಾನು. ನಮ್ಮ ಕಡೆಯ ಕರಿಮಣ್ಣು ನಿಮಗೆ ಹೊಸದಲ್ಲ. ಮಳೆಗಾಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಕಾಲಿಗೆ ಸೇರು ತೂಕ ಅಂಟುತ್ತದೆ, ಬೇಸಿಗೆಯಲ್ಲಿ ಅಂಗೈ ಅಗಲ ಬಾಯಿ ಬಿಡುತ್ತದೆ. ಜೇವರ್ಗಿ ತಾಲ್ಲೂಕಿನ ನಮ್ಮ ಊರ ಶಾಲೆಯ ಬಯಲಿನಲ್ಲಿ ಏಪ್ರಿಲ್ ತಿಂಗಳ ಕ್ರಿಕೆಟ್ ನಡೆಯುವಾಗ ಟೆನಿಸ್ ಚೆಂಡು ಉರುಳುತ್ತಾ ಹೋಗಿ ಬಿರುಕಿನೊಳಗೆ ಇಳಿದುಬಿಡುತ್ತಿತ್ತು. ಒಬ್ಬ ಬೋರಲು ಮಲಗಿ ಭುಜದವರೆಗೆ ಕೈ ತೂರಿಸುತ್ತಿದ್ದ, ಇನ್ನೊಬ್ಬ ತೊಗರಿ ಕಟ್ಟಿಗೆ ತಂದು ಕೆದಕುತ್ತಿದ್ದ. ಅಷ್ಟರಲ್ಲಿ ಬ್ಯಾಟಿನವರು ಓಡಿದ್ದೇ ಓಡಿದ್ದು. ಜಗಳ ಹೆಚ್ಚಾದ ಮೇಲೆ ನಾವೇ ಒಂದು ಕಾಯಿದೆ ಮಾಡಿಕೊಂಡೆವು: ಬಿರುಕಿಗೆ ಬಿದ್ದರೆ ಎರಡು ರನ್, ಅದಕ್ಕಿಂತ ಹೆಚ್ಚಿಲ್ಲ.

ಮೃಗಶಿರ ಮಳೆ ಬಿದ್ದು ಬಿರುಕು ಮುಚ್ಚಿಕೊಂಡರೆ ಅದೇ ಬಯಲಿನಲ್ಲಿ ಫುಟ್‌ಬಾಲ್. ಜೋಳದ ರಾಶಿ ಮುಗಿದು ಕಣ ಖಾಲಿಯಾದರೆ ಅಲ್ಲಿ ಹುತುತು. ಜಾತ್ರೆ ಬಂತೆಂದರೆ ಕುಸ್ತಿ, ಸಂಗ್ರಾಣಿ ಕಲ್ಲು. ಚಿಣಿಪಣಿಗೆ ಕಾಲವೇ ಇರಲಿಲ್ಲ, ಯಾವಾಗಲೂ ಇತ್ತು. ಯಾವ ಆಟ ಆಡಬೇಕೆಂದು ನಮಗೆ ಹೇಳುತ್ತಿದ್ದುದು ಮಣ್ಣು. ನಿನ್ನ ಆಟ ಯಾವುದು ಎಂದು ಊರಲ್ಲಿ ನನ್ನನ್ನು ಯಾರೂ ಕೇಳಿದ್ದಿಲ್ಲ. ಆ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿದ್ದು ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ, ಹೆಸರು ಬರೆದುಕೊಳ್ಳುವವರ ಮೇಜಿನ ಮುಂದೆ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ. ಆ ಪ್ರಶ್ನೆಗೆ ಬದುಕಿಡೀ ಉತ್ತರ ಕೊಡದೆ ಆಡಿದ ಒಬ್ಬರು ನಮ್ಮದೇ ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದರು.

ಎರಡೆರಡು ಆಟ ಆಡಿದವರನ್ನು ಹುಡುಕುತ್ತಾ ಹೊರಟಾಗ ನನಗೆ ಮೊದಲು ಸಿಕ್ಕವರು ಅವರಲ್ಲ, ವೇಲ್ಸ್ ನಾಡಿನ ಆಲನ್ ವಾಟ್ಕಿನ್ಸ್. 1922ರಲ್ಲಿ ಅಸ್ಕ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು. ಬೇಸಿಗೆಯಲ್ಲಿ ಗ್ಲಾಮೋರ್ಗನ್ ಕೌಂಟಿಗೆ ಕ್ರಿಕೆಟ್ ಆಡಿದರು. ಚಳಿಗಾಲದ ಫುಟ್‌ಬಾಲನ್ನು ಪ್ಲಿಮತ್ ಆರ್ಗೈಲ್‌ಗೂ ಕಾರ್ಡಿಫ್ ಸಿಟಿಗೂ ಆಡಿದರು. ಇದನ್ನು ಬರೀ ಹವ್ಯಾಸ ಎಂದುಕೊಳ್ಳಬೇಡಿ. ಅಲ್ಲಿ ಕ್ರಿಕೆಟಿನ ಸಂಬಳ ಬೇಸಿಗೆಯೊಂದಿಗೆ ಮುಗಿಯುತ್ತಿತ್ತು, ಉಳಿದ ತಿಂಗಳುಗಳಿಗೆ ಬೇರೆ ದುಡಿಮೆ ಬೇಕಿತ್ತು. ನಮ್ಮ ಒಕ್ಕಲಿಗ ಮುಂಗಾರಿಗೆ ಹೆಸರು ಬಿತ್ತಿ ಹಿಂಗಾರಿಗೆ ಜೋಳ ಬಿತ್ತುವ ಹಾಗೆ ಅವರು ವರ್ಷವನ್ನು ಎರಡು ಆಟಕ್ಕೆ ಹಂಚಿಕೊಂಡಿದ್ದರು.

ಅವರು 1951ರ ಚಳಿಗಾಲದಲ್ಲಿ ಇಂಗ್ಲೆಂಡ್ ತಂಡದೊಂದಿಗೆ ನಮ್ಮ ದೇಶಕ್ಕೆ ಬಂದರು. ದೆಹಲಿಯ ಮೊದಲ ಟೆಸ್ಟ್. ಇಂಗ್ಲೆಂಡ್ 203ಕ್ಕೆ ಆಲೌಟ್. ವಿಜಯ ಮರ್ಚೆಂಟ್ 154, ವಿಜಯ ಹಜಾರೆ ಔಟಾಗದೆ 164. ಭಾರತ 6 ವಿಕೆಟ್‌ಗೆ 418 ಮಾಡಿ ಡಿಕ್ಲೇರ್ ಮಾಡಿತು. ಸೋಲು ಎದುರಿಗೇ ನಿಂತಿತ್ತು. ಆಗ ವಾಟ್ಕಿನ್ಸ್ ಕ್ರೀಸಿಗೆ ಬಂದು ಸುಮಾರು ಒಂಬತ್ತು ಗಂಟೆ ಕದಲಲಿಲ್ಲ. ಔಟಾಗದೆ 137 ಮಾಡಿದರು, ಪಂದ್ಯ ಡ್ರಾ ಆಯಿತು. ಆ ಸರಣಿಯ ಐದು ಟೆಸ್ಟ್‌ಗಳಲ್ಲಿ ಅವರ ಒಟ್ಟು ಮೊತ್ತ 450, ಸರಾಸರಿ 64.28. ಅದೇ ಸರಣಿಯ ಕೊನೆಯ ಪಂದ್ಯವನ್ನು 1952ರ ಫೆಬ್ರುವರಿ 10ರಂದು ಮದ್ರಾಸಿನಲ್ಲಿ ಗೆದ್ದು ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಗೆಲುವನ್ನು ಕಂಡಿತು. ಫುಟ್‌ಬಾಲ್ ಆಟಗಾರನ ಕಾಲು, ದಮ್ಮು ಇರುವವನೇ ಒಂಬತ್ತು ಗಂಟೆ ನಿಲ್ಲಬಲ್ಲ ಎಂದು ನನಗೆ ಅನ್ನಿಸುತ್ತದೆ. ಅವರ ಬಗ್ಗೆ ಇಷ್ಟು ಸಾಕು. ನಮ್ಮ ಮನೆಗೆ ಬರೋಣ.

ಸೈಯದ್ ಮೊಹಮ್ಮದ್ ಹಾದಿ ಹುಟ್ಟಿದ್ದು 1899ರ ಆಗಸ್ಟ್ 12ರಂದು, ಹೈದರಾಬಾದಿನಲ್ಲಿ. ಅರಬ್ಬಿಯಲ್ಲಿ ಹಾದಿ ಎಂದರೆ ದಾರಿ ತೋರುವವನು. ನಮ್ಮಲ್ಲಿ ಹಾದಿ ಎಂದರೆ ದಾರಿಯೇ. ಜನ ಅವರನ್ನು ‘ರೇನ್‌ಬೋ ಹಾದಿ’ ಎಂದು ಕರೆದರು, ಕಾಮನಬಿಲ್ಲಿನ ಹಾದಿ. ಕಾಮನಬಿಲ್ಲಿಗೆ ಏಳು ಬಣ್ಣ, ಇವರಿಗೆ ಏಳು ಆಟ: ಕ್ರಿಕೆಟ್, ಫುಟ್‌ಬಾಲ್, ಹಾಕಿ, ಟೆನಿಸ್, ಟೇಬಲ್ ಟೆನಿಸ್, ಪೋಲೊ, ಚದುರಂಗ. ಕುದುರೆ ಏರಿ ಆಡುವುದು, ಕಾಲಿನಿಂದ ಆಡುವುದು, ಕೋಲು ಹಿಡಿದು ಆಡುವುದು, ಕುಳಿತಲ್ಲಿಂದ ಏಳದೆ ಆಡುವುದು, ಎಲ್ಲವೂ ಆ ಪಟ್ಟಿಯಲ್ಲಿವೆ.

ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್‌ನ ಪೀಟರ್‌ಹೌಸ್ ಕಾಲೇಜಿನಲ್ಲಿ ಓದಿದರು. ಅಲ್ಲಿದ್ದಾಗ ಟೆನಿಸ್ ಅವರ ಕೈ ಹಿಡಿಯಿತು. 1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಟೆನಿಸ್ ಆಡಿದರು. ಆ ಒಲಿಂಪಿಕ್ಸ್ ಮುಗಿದ ಮೇಲೆ ಟೆನಿಸ್ ಪದಕದ ಆಟವಾಗಿ ಮರಳಿ ಬಂದದ್ದು 1988ರಲ್ಲಿ. ಡೇವಿಸ್ ಕಪ್‌ನಲ್ಲಿ 1924 ಮತ್ತು 1925ರಲ್ಲಿ ದೇಶಕ್ಕೆ ಆಡಿದರು. ಅಲ್ಲಿಗೆ ನಿಲ್ಲಿಸಿದ್ದರೂ ಒಬ್ಬ ಟೆನಿಸ್ ಆಟಗಾರನಾಗಿ ಅವರ ಹೆಸರು ಉಳಿಯುತ್ತಿತ್ತು.

ಊರಿಗೆ ಬಂದು ಕ್ರಿಕೆಟ್ ಹಿಡಿದರು. ರಣಜಿ ಟ್ರೋಫಿ ಶುರುವಾದದ್ದು 1934ರ ನವೆಂಬರ್ 4ರಂದು, ಮದ್ರಾಸಿನ ಚೆಪಾಕ್ ಮೈದಾನದಲ್ಲಿ. ಆಡಿದ ತಂಡಗಳು ಮದ್ರಾಸ್ ಮತ್ತು ನಮ್ಮ ಮೈಸೂರು. ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮೈಸೂರು ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59. ಅದೇ ಮೊದಲ ಋತುವಿನಲ್ಲಿ ಅದೇ ಮದ್ರಾಸ್ ತಂಡದ ಮುಂದೆ ಹೈದರಾಬಾದಿನ ಪರ ಹಾದಿ ನಿಂತರು. ಔಟಾಗದೆ 132. ರಣಜಿ ಟ್ರೋಫಿಯ ಇತಿಹಾಸದ ಮೊಟ್ಟಮೊದಲ ಶತಕ ಅದು. ಆಗ ಅವರಿಗೆ 35 ತುಂಬಿತ್ತು. ಟೆನಿಸ್ ಅಂಗಳದಲ್ಲಿ ಹತ್ತು ವರ್ಷ ಕಳೆದ ಕಣ್ಣು, ಕುದುರೆಯ ಮೇಲೆ ಕುಳಿತು ಪಳಗಿದ ಸೊಂಟ, ಹಾಕಿ ಹಿಡಿದ ಮಣಿಕಟ್ಟು ಇವೆಲ್ಲ ಆ 132ರೊಳಗೆ ಇದ್ದವು. ಒಂದು ಆಟದಲ್ಲಿ ಕಲಿತದ್ದು ಇನ್ನೊಂದರಲ್ಲಿ ವ್ಯರ್ಥವಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. ಹುತುತು ಆಡುವ ಹುಡುಗ ಖೋ-ಖೋದಲ್ಲಿ ಬೇಗ ತಿರುಗುತ್ತಾನೆ ಎಂಬುದು ಇಲ್ಲಿ ಕುಳಿತ ಪ್ರತಿಯೊಬ್ಬ ಪಿ.ಟಿ. ಮಾಸ್ತರಿಗೂ ಗೊತ್ತು.

ಹಾದಿಯವರನ್ನು ಬೆಳೆಸಿದ ನೆಲ ಯಾವುದು? ಇಲ್ಲಿ ಆಳಂದ, ಅಫಜಲಪುರದವರು ಸ್ವಲ್ಪ ಕಿವಿಗೊಡಬೇಕು. ಆಗ ಈ ಸೀಮೆಯೆಲ್ಲ ನಿಜಾಮರ ರಾಜ್ಯ. ಆಳಂದ, ಅಫಜಲಪುರಗಳು ಪಾಯಗಾ ತಾಲ್ಲೂಕುಗಳು. ಪಾಯಗಾ ಎಂದರೆ ಕುದುರೆ ಲಾಯ. ನಿಜಾಮರಿಗೆ ಕುದುರೆ ದಂಡು ಕಟ್ಟಿ ಸಾಕುವುದಕ್ಕೆಂದು ಒಂದು ಅಮೀರ ಮನೆತನಕ್ಕೆ ಬಿಟ್ಟುಕೊಟ್ಟ ಜಹಗೀರುಗಳು ಇವು. ಮುಂದೆ ಆ ಮನೆತನ ಮೂರು ಶಾಖೆಯಾಯಿತು. ಅದರಲ್ಲೊಂದು ಶಾಖೆಯ ಆಸ್ಮಾನ್ ಜಾಹ್ 1887ರಿಂದ 1894ರವರೆಗೆ ಸಂಸ್ಥಾನದ ದಿವಾನರಾಗಿದ್ದರು. ಅವರ ಮಗ ನವಾಬ್ ಮೊಯಿನ್-ಉದ್-ದೌಲಾ. ಹಾದಿಯವರಿಗೆ ಆಸರೆಯಾದದ್ದು ಆ ಮನೆತನ.

ಮೊಯಿನ್-ಉದ್-ದೌಲಾ ಅವರಿಗೆ ಕ್ರಿಕೆಟ್ ಎಂದರೆ ಪ್ರಾಣ. 1930ರಲ್ಲಿ ತಮ್ಮ ಹೆಸರಿನಲ್ಲಿ ಒಂದು ಚಿನ್ನದ ಕಪ್ ಇಟ್ಟು ಸಿಕಂದರಾಬಾದಿನಲ್ಲಿ ಪಂದ್ಯಾವಳಿ ನಡೆಸಿದರು. ಮೊದಲ ವರ್ಷವೇ ಇಂಗ್ಲೆಂಡಿನ ಜ್ಯಾಕ್ ಹಾಬ್ಸ್, ಹರ್ಬರ್ಟ್ ಸಟ್‌ಕ್ಲಿಫ್ ಇಬ್ಬರೂ ವಿಜಯನಗರಂ ಮಹಾರಾಜಕುಮಾರರ ತಂಡದಲ್ಲಿ ಆಡಲು ಬಂದರು. ಮುಂದೆ ವೆಸ್ಟ್ ಇಂಡೀಸ್‌ನ ಲಿಯರಿ ಕಾನ್‌ಸ್ಟಂಟೈನ್ ಬಂದರು. ರಣಜಿ ಟ್ರೋಫಿ ಹುಟ್ಟುವ ಮುಂಚೆಯೇ ಹೈದರಾಬಾದಿನ ಹುಡುಗರು ಲೋಕದ ದೊಡ್ಡ ಆಟಗಾರರನ್ನು ಮಾರು ದೂರದಿಂದ ನೋಡಿದ್ದರು. 1937-38ರಲ್ಲಿ ನವಾನಗರವನ್ನು ಒಂದೇ ಒಂದು ವಿಕೆಟ್‌ನಿಂದ ಸೋಲಿಸಿ ಹೈದರಾಬಾದ್ ರಣಜಿ ಟ್ರೋಫಿ ಗೆದ್ದಿತು. ಎಡಲ್ಜಿ ಐಬಾರಾ ಔಟಾಗದೆ 137 ಮಾಡಿ ಕೊನೆಯವರೆಗೂ ನಿಂತರು. ಈ ಗೆಲುವು ಆಕಾಶದಿಂದ ಬಿದ್ದದ್ದಲ್ಲ.

ಮೈದಾನ, ಮ್ಯಾಟು, ಚೆಂಡು, ಕುದುರೆ, ಹಡಗಿನ ಟಿಕೆಟ್ಟು ಇವಕ್ಕೆಲ್ಲ ದುಡ್ಡು ಎಲ್ಲಿಂದ ಬಂತು? ನಮ್ಮ ಜೋಳದಿಂದ, ನಮ್ಮ ಹತ್ತಿಯಿಂದ, ನಮ್ಮ ತೊಗರಿಯಿಂದ. ಯಾವ ಹಳ್ಳಿಯ ರೂಪಾಯಿ ಯಾವ ಕಪ್ಪಿಗೆ ಹೋಯಿತು ಎಂದು ಲೆಕ್ಕ ತೆಗೆಯಲು ನಾನು ಹೊರಟಿಲ್ಲ. ಆದರೆ ಜಹಗೀರಿನ ಕಂದಾಯವಿರಲಿ, ಸರ್ಕಾರದ ಕಂದಾಯವಿರಲಿ, ಭೀಮಾ, ಅಮರ್ಜಾ ನದಿಗಳ ದಂಡೆಯ ರೈತ ಕಟ್ಟಿದ್ದು ಹೈದರಾಬಾದಿಗೇ ಹೋಯಿತು. ಆಟದ ಬಯಲುಗಳು ಎದ್ದದ್ದೂ ಅಲ್ಲಿಯೇ. ಹಾದಿಯವರ ಏಳು ಆಟದಲ್ಲಿ ಆಳಂದದ ಒಕ್ಕಲಿಗನ ಪಾಲೂ ಇದೆ ಎಂದು ನಾನು ನಂಬಿದ್ದೇನೆ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆ ಒಕ್ಕಲಿಗನ ಮಗನಿಗೆ ಒಂದು ಚೆಂಡೂ ಸಿಗಲಿಲ್ಲ ಎಂಬ ಸಂಕಟವೂ ಅದರ ಜೊತೆಗೇ ಇದೆ. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1949ರ ಆಗಸ್ಟ್‌ನಲ್ಲಿ ಜಹಗೀರುಗಳು ರದ್ದಾದವು. ಕಂದಾಯದ ದಾರಿ ಬದಲಾಯಿತು. ಆಟದ ಬಯಲು ಮಾತ್ರ ಹಳ್ಳಿಗೆ ನಡೆದು ಬರಲಿಲ್ಲ.

ಈಗ 1936ನೇ ಇಸವಿಗೆ ಬರುತ್ತೇನೆ. ಆ ವರ್ಷದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡುವೆ, ಯಾಕೆಂದರೆ ನಿನ್ನ ಆಟ ಯಾವುದು ಎಂಬ ಪ್ರಶ್ನೆ ಒಬ್ಬ ದೊಡ್ಡ ಆಟಗಾರನ ಮುಂದೆ ಅದರ ಪೂರ್ತಿ ಕ್ರೌರ್ಯದೊಂದಿಗೆ ಬಂದು ನಿಂತದ್ದು ಆ ವರ್ಷ.

ಆ ಬೇಸಿಗೆಯಲ್ಲಿ ಭಾರತದ ಕ್ರಿಕೆಟ್ ತಂಡ ಇಂಗ್ಲೆಂಡಿಗೆ ಹೊರಟಿತು. ಹಾದಿ ಆ ಬಳಗದಲ್ಲಿದ್ದರು. ಮದ್ರಾಸಿನ ಎಂ.ಜೆ. ಗೋಪಾಲನ್ ಕೂಡ ಇದ್ದರು. ಚೆಪಾಕಿನ ಆ ಮೊದಲ ಪಂದ್ಯದಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಚೆಂಡನ್ನು ಎಸೆದವರು ಇದೇ ಗೋಪಾಲನ್. ಮೊದಲ ಚೆಂಡಿನವರೂ ಮೊದಲ ಶತಕದವರೂ ಒಂದೇ ಪ್ರವಾಸದಲ್ಲಿ ಜೊತೆಯಾದರು. ಗೋಪಾಲನ್ ವೇಗದ ಬೌಲರ್ ಅಷ್ಟೇ ಅಲ್ಲ, ಹಾಕಿಯಲ್ಲೂ ಮೇಲ್ಮಟ್ಟದ ಆಟಗಾರ. 1935ರಲ್ಲಿ ಧ್ಯಾನ್‌ಚಂದ್ ಜೊತೆ ನ್ಯೂಜಿಲೆಂಡ್ ಪ್ರವಾಸಕ್ಕೆ ಹೋಗಿ ಬಂದಿದ್ದರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್. ಹಾಕಿಗೆ ಹೋದರೆ ಕ್ರಿಕೆಟ್ ಇಲ್ಲ, ಕ್ರಿಕೆಟ್‌ಗೆ ಹೋದರೆ ಹಾಕಿ ಇಲ್ಲ. ಯಾವುದಾದರೂ ಒಂದು ಹೇಳಬೇಕಾಗಿ ಬಂತು. ಗೋಪಾಲನ್ ಕ್ರಿಕೆಟ್ ಎಂದರು.

ಆ ಪ್ರವಾಸ ಒಡೆದ ಮನೆಯಾಗಿತ್ತು. ನಾಯಕ ವಿಜಯನಗರಂ ಮಹಾರಾಜಕುಮಾರರು. ಮೊದಲ ಟೆಸ್ಟ್‌ಗೂ ಮುಂಚೆ ಲಾಲಾ ಅಮರನಾಥರನ್ನು ಶಿಸ್ತಿನ ಹೆಸರಿನಲ್ಲಿ ಊರಿಗೆ ಅಟ್ಟಿದರು. ಗೋಪಾಲನ್‌ಗೆ ಒಂದೂ ಟೆಸ್ಟ್ ಸಿಗಲಿಲ್ಲ. ಹಾದಿಯವರಿಗೂ ಇಲ್ಲ. 1936ರ ಆಗಸ್ಟ್ 15ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಮೂರನೆಯ ಟೆಸ್ಟ್ ಆರಂಭವಾಯಿತು, ಗೋಪಾಲನ್ ಆಡುವ ಹನ್ನೊಂದರಲ್ಲಿ ಇರಲಿಲ್ಲ. ಅದೇ ದಿನ ಬರ್ಲಿನ್‌ನಲ್ಲಿ ಧ್ಯಾನ್‌ಚಂದ್ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿ ಚಿನ್ನದ ಪದಕ ಹಾಕಿಕೊಂಡಿತು. ಒಂದೇ ದಿನ, ಎರಡು ಮೈದಾನ. ಎರಡರಲ್ಲೂ ಇರಬಹುದಾಗಿದ್ದ ಮನುಷ್ಯ ಎರಡರಲ್ಲೂ ಇರಲಿಲ್ಲ. ಅದಕ್ಕೂ ಹಿಂದೆ, 1933-34ರಲ್ಲಿ ಕಲ್ಕತ್ತೆಯಲ್ಲಿ ಆಡಿದ್ದೇ ಅವರ ಏಕೈಕ ಟೆಸ್ಟ್ ಆಗಿ ಉಳಿಯಿತು. ಅವರು 2003ರ ಡಿಸೆಂಬರ್‌ವರೆಗೆ, 94 ವರ್ಷ ಬದುಕಿದರು. ಆ ಆಗಸ್ಟ್ 15ರ ನಂತರದ 67 ವರ್ಷ ಅವರ ಮುಂದಿತ್ತು.

ಈ ಕಥೆಯನ್ನು ಓದಿದಾಗ ನನಗೆ ನೆನಪಾದವನು ಅಫಜಲಪುರ ತಾಲ್ಲೂಕಿನ ಒಬ್ಬ ಹುಡುಗ. ಹೆಸರು ಹೇಳುವುದಿಲ್ಲ, ಅವನಿಗೆ ಈಗ ಹೆಂಡತಿ ಮಕ್ಕಳಿದ್ದಾರೆ. ನಾನು ಆಗ ಪಂದ್ಯಗಳಿಗೆ ಸೀಟಿ ಊದಲು ಹೋಗುತ್ತಿದ್ದೆ. ಕಬ್ಬು ಕಡಿಯುವ ಮನೆಯ ಹುಡುಗ. ಎಡಗಾಲಿನಲ್ಲಿ ಚೆಂಡು ಒದ್ದರೆ ಕೋಲು ಬಾಗಿದ ಹಾಗೆ ಬಾಗಿ ಹೋಗುತ್ತಿತ್ತು, ಎಡಗೈಯಲ್ಲಿ ಬೌಲ್ ಮಾಡಿದರೆ ಮಣ್ಣಿನ ಪಿಚ್ಚಿನಲ್ಲೂ ಚೆಂಡು ಒಳಗೆ ನುಗ್ಗುತ್ತಿತ್ತು. ಆ ವರ್ಷ ಎರಡು ಆಯ್ಕೆ ಪಂದ್ಯಗಳು ಒಂದೇ ದಿನಕ್ಕೆ ಬಿದ್ದವು, ಎರಡು ಬೇರೆ ಬೇರೆ ಊರಲ್ಲಿ. ಮೇಜಿನ ಹಿಂದೆ ಕುಳಿತವರು ಕೇಳಿದರು, ‘ಯಾವುದಾದ್ರೂ ಒಂದು ಹೇಳೋ ತಮ್ಮಾ.’ ಹುಡುಗ ಹೇಳಿದ, ‘ಎರಡೂ ಆಡ್ತೀನ್ರಿ ಸರ.’ ಅವರು ಪೆನ್ನು ಕೆಳಗಿಟ್ಟರು. ಹುಡುಗ ಒಂದು ಕ್ಷಣ ನನ್ನ ಕಡೆ ನೋಡಿದ. ನಾನು ಸುಮ್ಮನಿದ್ದೆ. ಅವನು ಕಾಲಲ್ಲಿದ್ದ ಬೂಟು ಬಿಚ್ಚಿ, ಲೇಸು ಎರಡನ್ನೂ ಕೂಡಿಸಿ ಗಂಟು ಹಾಕಿ ಹೆಗಲ ಮೇಲೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬೂಟು ಯಾರದೋ ಕೊಟ್ಟದ್ದು, ತಿರುಗಿ ಒಪ್ಪಿಸಬೇಕಿತ್ತು. ಆಮೇಲೆ ಅವನು ಯಾವುದನ್ನೂ ಆಡಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ, ಅಹಂಕಾರದ ಮಾತನ್ನೂ ಆಡಿರಲಿಲ್ಲ. ಅವನ ಊರ ಬಯಲಿನಲ್ಲಿ ಅದು ದಿನದ ಮಾತು. ಅವನ ಪರವಾಗಿ ನಾನು ಅವತ್ತು ಒಂದು ಮಾತು ಆಡಬೇಕಿತ್ತು.

ಹದಿಮೂರು ವರ್ಷದ ಮಗುವಿಗೆ ಈ ಪ್ರಶ್ನೆ ಹಾಕಬೇಡಿ ಎಂದಷ್ಟೇ ನಾನು ಬೇಡುತ್ತಿರುವುದು. ಇಪ್ಪತ್ತರ ಮೇಲೆ ಕೇಳಿ. ಇಪ್ಪತ್ತರ ಮೇಲೂ ಕೆಲವರು ಉತ್ತರ ಕೊಡದೆ ಆಡಿದ್ದಾರೆ.

ಬಂಗಾಳದ ಚುನಿ ಗೋಸ್ವಾಮಿಯವರ ಹೆಸರು ಇಲ್ಲಿ ಬರಲೇಬೇಕು. ಅವರಿಗೂ ನಮಗೂ ನಡುವೆ ಒಂದು ಸೇತುವೆಯಿದೆ, ಅದರ ಹೆಸರು ಸೈಯದ್ ಅಬ್ದುಲ್ ರಹೀಮ್. ಹೈದರಾಬಾದಿನ ಶಾಲಾ ಮಾಸ್ತರರು, ಎಲ್ಲರ ಬಾಯಲ್ಲಿ ರಹೀಮ್ ಸಾಬ್. ಅವರ ಕೈಕೆಳಗೆ ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡ 1950ರಿಂದ 1954ರವರೆಗೆ ಐದು ವರ್ಷ ಎಡೆಬಿಡದೆ ರೋವರ್ಸ್ ಕಪ್ ಗೆದ್ದಿತು. ಬಲಗಾಲಿನ ಆಟಗಾರರು ಎಡಗಾಲಿನಿಂದಷ್ಟೇ ಒದೆಯಬೇಕು, ಎಡಗಾಲಿನವರು ಬಲಗಾಲಿನಿಂದಷ್ಟೇ ಎಂದು ಕಾಯಿದೆ ಮಾಡಿ ಪಂದ್ಯ ಆಡಿಸುತ್ತಿದ್ದರು. ನಮ್ಮ ಪಿ.ಟಿ. ಮಾಸ್ತರರು ನಾಳೆ ಬೆಳಿಗ್ಗೆಯೇ ಇದನ್ನು ಮಾಡಬಹುದು, ಪೈಸೆ ಖರ್ಚಿಲ್ಲ. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮ್ ಸಾಬರ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಆ ತಂಡದಲ್ಲಿ ಹೈದರಾಬಾದಿನವರೂ ಇದ್ದರು, ಮೈಸೂರು ರಾಜ್ಯದ ಕೆಂಪಯ್ಯನವರೂ ಇದ್ದರು. ನಾವು ಬಿಟ್ಟು ಬಂದ ರಾಜ್ಯವೂ ಸೇರಿದ ರಾಜ್ಯವೂ ಒಂದೇ ಅಂಗಿ ತೊಟ್ಟಿದ್ದವು.

1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ರಹೀಮ್ ಸಾಬ್ ಚಿನ್ನ ತಂದರು. ಆಗಲೇ ಕ್ಯಾನ್ಸರ್ ಅವರನ್ನು ತಿನ್ನುತ್ತಿತ್ತು, ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಜಕಾರ್ತಾದ ಆ ತಂಡದ ನಾಯಕ ಚುನಿ ಗೋಸ್ವಾಮಿ. ಆ ಸುಮಾರಿಗೇ ಗೋಸ್ವಾಮಿ ಬಂಗಾಳದ ಪರ ರಣಜಿ ಆಡಲು ಶುರು ಮಾಡಿದರು. ಇನ್ನೂ ಮೂವತ್ತು ದಾಟುವ ಮೊದಲೇ ದೇಶದ ಪರ ಫುಟ್‌ಬಾಲ್ ಬಿಟ್ಟು ಕ್ರಿಕೆಟ್‌ಗೆ ಪೂರ್ತಿ ಬಂದರು. 1966ರಲ್ಲಿ ಇಂದೋರಿನಲ್ಲಿ ಮಧ್ಯ ಮತ್ತು ಪೂರ್ವ ವಲಯಗಳ ಸಂಯುಕ್ತ ತಂಡ ಪ್ರವಾಸಿ ವೆಸ್ಟ್ ಇಂಡೀಸನ್ನು ಇನ್ನಿಂಗ್ಸ್ ಅಂತರದಿಂದ ಸೋಲಿಸಿದಾಗ ಅವರು 8 ವಿಕೆಟ್ ಪಡೆದಿದ್ದರು. 1968-69ರ ರಣಜಿ ಫೈನಲ್‌ನಲ್ಲಿ ಬಾಂಬೆ ವಿರುದ್ಧ 96 ಮತ್ತು 84 ಮಾಡಿದರು.

ಹಾದಿಯವರು ತೀರಿಕೊಂಡದ್ದು 1971ರ ಜುಲೈ 14ರಂದು, ಹುಟ್ಟಿದ ಊರಿನಲ್ಲೇ. ಅದರ ಮುಂದಿನ ಋತುವಿನಲ್ಲಿ, ಅವರು ಮೊದಲ ಶತಕ ಹೊಡೆದ ಅದೇ ರಣಜಿ ಟ್ರೋಫಿಯ ಫೈನಲ್‌ಗೆ ಬಂಗಾಳವನ್ನು ನಡೆಸಿಕೊಂಡು ಹೋದ ನಾಯಕ ಚುನಿ ಗೋಸ್ವಾಮಿ. ಬಾಂಬೆಯ ಎದುರು ಸೋತರು. ಫುಟ್‌ಬಾಲ್‌ನಲ್ಲಿ ಏಷ್ಯಾ ಗೆದ್ದ ನಾಯಕನೊಬ್ಬ ಕ್ರಿಕೆಟ್ ಫೈನಲ್‌ನಲ್ಲಿ ಟಾಸ್‌ಗೆ ನಡೆದುಹೋದ ಆ ಬೆಳಿಗ್ಗೆಯನ್ನು ನೋಡಲು ಹಾದಿ ಇನ್ನೊಂದು ವರ್ಷ ಇರಬೇಕಿತ್ತು.

ಈ ದತ್ತಿಯನ್ನು ಇಟ್ಟವರು ಒಬ್ಬ ಡ್ರಿಲ್ ಮಾಸ್ತರರ ಮಕ್ಕಳು. ಬಡ್ಡಿಯ ಹಣದಲ್ಲಿ ಉಪನ್ಯಾಸಕನಿಗೆ ಶಾಲು, ಹಾರ, ಹಣ್ಣು ಎಂದು ತೆಗೆದಿಟ್ಟಿದ್ದರು. ಅವು ಬೇಡ ಎಂದು ನಾನು ಕೇಳಿಕೊಂಡೆ, ಅವರು ಒಪ್ಪಿದರು. ಆ ದುಡ್ಡಿಗೆ ತಮ್ಮ ಕೈಯಿಂದಲೂ ಹಾಕಿ ಮೂರು ಚೀಲ ತಂದಿದ್ದಾರೆ, ಆಳಂದಕ್ಕೊಂದು, ಅಫಜಲಪುರಕ್ಕೊಂದು, ಜೇವರ್ಗಿಗೊಂದು. ಪ್ರತಿ ಚೀಲದಲ್ಲೂ ಒಂದು ಬ್ಯಾಟು, ಆರು ಟೆನಿಸ್ ಚೆಂಡು, ಒಂದು ಫುಟ್‌ಬಾಲ್, ಗಾಳಿ ಹೊಡೆಯುವ ಪಂಪು, ಪಂಪಿನ ಸೂಜಿ ಎರಡು. ಸೂಜಿ ಒಂದು ಖಂಡಿತ ಕಳೆಯುತ್ತದೆ, ಅದಕ್ಕೇ ಎರಡು. ಸಭೆ ಮುಗಿದ ಮೇಲೆ ಮೂರೂ ತಾಲ್ಲೂಕಿನವರು ಬಂದು ಎಣಿಸಿಕೊಂಡು ತೆಗೆದುಕೊಂಡು ಹೋಗಿ.